ಪೋಪ್ ಆಡಿದ ಮಾತೆಲ್ಲ ಬೋಧನೆಯಲ್ಲ

ಪೋಪ್ ಮಾತಿನ ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ ‘ವಿಮಾನದಲ್ಲಿ ಪತ್ರಕರ್ತರಿಗೆ ಪೋಪ್ ಹೇಳಿದ್ದೇ ಕಥೋಲಿಕರ ಹೊಸ ನಿಯಮ’ ಅನ್ನುವ ಸಾಲು ತಪ್ಪು. ನಮ್ಮ ಕೆಜಿಎಫ್‌ನಲ್ಲೂ ಭಾನುವಾರ ಪೂಜೆ ಮುಗಿದ ಮೇಲೆ ಟೀ ಅಂಗಡಿ ಮುಂದೆ ಇದೇ ವಾದ.

ಕಥೋಲಿಕ ಬೋಧನೆಯ ಬುಡದಲ್ಲಿ ಇರುವುದು ಬೈಬಲ್ ಮತ್ತು ಪ್ರೇಷಿತರಿಂದ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರಿಂದ, ಬಂದ ಪರಂಪರೆ. ಅದಕ್ಕೆ ಅರ್ಥ ಹೇಳುವ ಅಧಿಕಾರ ಪೋಪ್‌ಗೆ, ಅವರ ಜೊತೆ ನಿಂತ ಬಿಷಪ್‌ಗಳಿಗೆ. ಪೋಪ್ ತಪ್ಪಲಾರರು ಅಂತ 1870ರಲ್ಲಿ ಬಿಷಪ್‌ಗಳು ಸೇರಿದ್ದ ಮೊದಲ ವ್ಯಾಟಿಕನ್ ಮಹಾಸಭೆ ಹೇಳಿದ್ದು ನಿಜ, ಅದೂ ಬಿಗಿಯಾದ ಷರತ್ತು ಹಾಕಿ. ಆಮೇಲೆ ಎಲ್ಲರೂ ಒಪ್ಪುವಂತೆ ಆ ಅಧಿಕಾರ ಬಳಕೆಯಾಗಿದ್ದು ಒಂದೇ ಸಲ: 1950ರಲ್ಲಿ, ಮಾತೆ ಮರಿಯ ದೇಹಸಮೇತ ಸ್ವರ್ಗಕ್ಕೆ ಹೋದರು ಅಂತ ಘೋಷಿಸಿದಾಗ. ಮರಣದಂಡನೆ ಬಗ್ಗೆ ಹೇಳಬೇಕಾದಾಗ ಪೋಪ್ ಫ್ರಾನ್ಸಿಸ್ ಸುಮ್ನೆ ಸಂದರ್ಶನ ಕೊಟ್ಟು ಬಿಡಲಿಲ್ಲ. 2018ರಲ್ಲಿ ಕೆಟೆಕಿಸಂನ, ಅಂದರೆ ಕಥೋಲಿಕ ಬೋಧನೆಯ ಅಧಿಕೃತ ಪುಸ್ತಕದ, 2267ನೇ ಪ್ಯಾರಾವನ್ನೇ ತಿದ್ದಿಸಿದರು. ವ್ಯತ್ಯಾಸ ಗೊತ್ತಾಯ್ತಲ್ವಾ?

ದರ್ಶನದ ಮಾತೂ ಹಾಗೇ, ಎಲ್ಲವೂ ಬೋಧನೆಯಲ್ಲ. ನಮ್ಮಜ್ಜಿಯ ಜಪಮಾಲೆ ಡಬ್ಬಿಯಲ್ಲಿ ಒಂದು ಮಾಸಿದ ಚೀಟಿ ಇತ್ತು. ಮಾತೆ ದರ್ಶನ ಕೊಟ್ಟು ಹೇಳಿದ್ದಂತೆ, ಒಂಬತ್ತು ಜನಕ್ಕೆ ಬರೆದು ಹಂಚದಿದ್ದರೆ ಕೇಡಂತೆ. ಹೆದರಿ ನನ್ನ ಕೈಲಿ ಒಂಬತ್ತೂ ಬರೆಸಿದ್ದರು, ಪಾಪ. ಫ್ರಾನ್ಸಿನ ಲೂರ್ದಿನಲ್ಲಿ ಆದಂಥ, ಕಥೋಲಿಕ ಧರ್ಮಸಭೆಯೇ ಒಪ್ಪಿದ ಮಾತೆಯ ದರ್ಶನವನ್ನೂ ನಂಬಲೇಬೇಕು ಅನ್ನುವ ಕಟ್ಟಳೆಯಿಲ್ಲ, ಇನ್ನು ಆ ಚೀಟಿ ಯಾವ ಲೆಕ್ಕ? ಈಗ ಅದೇ ಚೀಟಿ ವಾಟ್ಸಾಪ್‌ನಲ್ಲಿ ಬರುತ್ತೆ, ಹೂವಿನ ಚಿತ್ರ ಜಾಸ್ತಿ, ಅಷ್ಟೇ.