ಶುಕ್ರವಾರ ಹನ್ನೊಂದು ಗಂಟೆಗೆ ಬೆಂಕಿ

ನಮ್ಮ ಶಾಲೆಗಳಲ್ಲಿ ಬೆಂಕಿ ಬೀಳುವುದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಬುಧವಾರವೇ ಸುತ್ತೋಲೆ ಬಂದಿರುತ್ತದೆ, ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಸಿಆರ್‌ಪಿಯವರು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡು ಸಲ ನೆನಪಿಸಿರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಹೊತ್ತಿಕೊಳ್ಳಬೇಕು, ಬಿಸಿಯೂಟಕ್ಕೆ ತಟ್ಟೆ ತೊಳೆಯುವುದರೊಳಗೆ ಆರಬೇಕು. ಮಳೆ ಬಂದರೆ ಬೆಂಕಿ ಮುಂದಿನ ವಾರಕ್ಕೆ. ಇಲಾಖೆಯವರು ಇದನ್ನು ಮಾಕ್ ಡ್ರಿಲ್ ಅನ್ನುತ್ತಾರೆ, ಪತ್ರಿಕೆಯವರು ಅಣಕು ಕಾರ್ಯಾಚರಣೆ ಅಂತ ಬರೆಯುತ್ತಾರೆ. ಆ ಪದ ಕೊಟ್ಟ ಪುಣ್ಯಾತ್ಮ ಯಾರೋ, ಒಂದಾದರೂ ಡ್ರಿಲ್ಲನ್ನು ಕಣ್ಣಾರೆ ಕಂಡವನೇ ಇರಬೇಕು.

ಗಂಟೆಯಿಂದಲೇ ಶುರು ಮಾಡೋಣ. ಕಡತದಲ್ಲಿ ‘ಎಚ್ಚರಿಕೆಯ ಗಂಟೆ ಬಾರಿಸುವುದು’ ಎಂದಿದೆ. ಮುಂದಿನ ಸಾಲಿನಲ್ಲಿ ‘ತಕ್ಷಣ ಮೇನ್ ಸ್ವಿಚ್ ಆಫ್ ಮಾಡುವುದು’ ಎಂದೂ ಇದೆ. ಎರಡನ್ನೂ ಶ್ರದ್ಧೆಯಿಂದ ಪಾಲಿಸಿದರೆ ಕರೆಂಟಿನ ಗಂಟೆ ಅರ್ಧ ಕೂಗಿ ಸುಮ್ಮನಾಗುತ್ತದೆ. ಆಮೇಲೆ ಗತಿ ಜಗುಲಿಯಲ್ಲಿ ನೇತುಹಾಕಿದ ರೈಲು ಹಳಿಯ ತುಂಡು. ಇಡೀ ಯೋಜನೆಯಲ್ಲಿ ನೆಚ್ಚಿಕೊಳ್ಳಬಹುದಾದ ಉಪಕರಣ ಅದೊಂದೇ. ಆದರೆ ಅದನ್ನು ಬಿಡದೆ ಬಾರಿಸಿದರೆ ಮಕ್ಕಳ ಪಾಲಿಗೆ ಲಾಂಗ್ ಬೆಲ್ಲು, ಅಂದರೆ ಮನೆಗೆ! ಪುಸ್ತಕ ತುಂಬಿ, ಜಿಪ್ ಎಳೆದು, ಬ್ಯಾಗು ಹೆಗಲಿಗೇರಿಸಿಯೇ ಏಳುತ್ತಾರೆ. ಬೆಂಕಿಗೆ ಬೇರೆ ತಾಳ ಬೇಕು, ಮೂರು ಏಟು, ತಡೆದು ಮತ್ತೆ ಮೂರು ಏಟು, ಅದನ್ನು ಮಕ್ಕಳಿಗೆ ಮೊದಲೇ ಕಲಿಸಿರಬೇಕು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಶುಕ್ರವಾರ ಹೇಗೂ ಗಂಟೆಗೆ ಮುಂಚೆಯೇ ಎಲ್ಲರೂ ಸಾಲಾಗಿ ನಿಂತಿರುತ್ತಾರಲ್ಲ.

ಇನ್ನು ಪುಟ್ಟ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ಕೋಣೆಯ ಹೊಸ್ತಿಲು. ಹೊರಗೆ ಮೂವತ್ತು ಜೊತೆ ಶೂ, ಎಲ್ಲ ಸರ್ಕಾರ ಕೊಟ್ಟ ಒಂದೇ ನಮೂನೆಯ ಕಪ್ಪು ಶೂ. ಒಂದನೇ ಕ್ಲಾಸಿನ ಮಗುವಿಗೆ ಬೆಂಕಿಗಿಂತ ಅಮ್ಮನ ಭಯ ಹೆಚ್ಚು, ತನ್ನ ಶೂ ಸಿಗದೆ ಅದು ಕದಲುವುದಿಲ್ಲ. ಹುಡುಕಲು ಬಗ್ಗಿದ ಮೊದಲನೆಯವನ ಮೇಲೆ ಎರಡನೆಯವಳು, ಅವಳ ಮೇಲೆ ಉಳಿದವರು. ಬಾಗಿಲಿನಿಂದ ನಾಲ್ಕು ಮಾರು ದೂರಕ್ಕೆ, ಗೋಡೆಗೆ ಒತ್ತಿ ಒಂದು ಸ್ಟ್ಯಾಂಡ್ ಇಟ್ಟರೆ ಮುಗಿಯಿತು. ಏನು ಮಾಡುವುದು, ಚಪ್ಪಲಿ ಸ್ಟ್ಯಾಂಡಿಗೆ ಶಾಸಕರನ್ನು ಕರೆದು ಟೇಪು ಕತ್ತರಿಸಲು ಆಗುವುದಿಲ್ಲ. ಆ ಬಾಗಿಲಾದರೂ ಒಳಕ್ಕೆ ತೆರೆಯುವಂಥದ್ದು. ಹಿಂದಿನಿಂದ ಉಳಿದವರೆಲ್ಲ ನೂಕುವಾಗ ಮುಂದಿರುವ ಮಗು ಅದನ್ನು ತನ್ನ ಕಡೆ ಎಳೆದುಕೊಳ್ಳುವುದು ಹೇಗೆ? ಬಡಗಿಯನ್ನು ಕರೆಸುವವರೆಗೆ ಪಾಠದ ಹೊತ್ತಿನಲ್ಲಿ ಬಾಗಿಲನ್ನು ಪೂರ್ತಿ ತೆರೆದು ಗೋಡೆಯ ಕೊಕ್ಕೆಗೆ ಸಿಕ್ಕಿಸಿದರೂ ಸಾಕು.

ಮೆಟ್ಟಿಲಿನದು ಐದನೇ ಕ್ಲಾಸಿನ ಗಣಿತ. ರಾಷ್ಟ್ರೀಯ ಕಟ್ಟಡ ಸಂಹಿತೆ ಶಾಲೆಯ ಮೆಟ್ಟಿಲಿಗೆ 1.5 ಮೀಟರ್ ಅಗಲ ಕೇಳುತ್ತದೆ, ಎರಡು ಸಾಲು ಆರಾಮಾಗಿ ಇಳಿಯಲೆಂದು. ದೊಡ್ಡ ಶಾಲೆಯೊಂದರ ಮಹಡಿಯಲ್ಲಿ 300 ಮಕ್ಕಳು ಅಂದುಕೊಳ್ಳಿ, ಸಾಲಿಗೆ ಸೆಕೆಂಡಿಗೊಬ್ಬರಂತೆ ಇಳಿದರೆ ಎರಡೂವರೆ ನಿಮಿಷ. ಆದರೆ ಮೆಟ್ಟಿಲ ಅರ್ಧ ಅಗಲದಲ್ಲಿ ಕಾಲು ಮುರಿದ ಬೆಂಚುಗಳು ಕೂತಿವೆ, ಹಾಗಾಗಿ ಒಂದೇ ಸಾಲು, ಐದು ನಿಮಿಷ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ವಿಜ್ಞಾನ ಪ್ರದರ್ಶನದ ಥರ್ಮಾಕೋಲು, ರಾಜ್ಯೋತ್ಸವದ ಬಟ್ಟೆಯ ಕಮಾನು, ಹಳೇ ಉತ್ತರಪತ್ರಿಕೆಯ ಕಟ್ಟು. ಅಲ್ಲಿ ಕಿಡಿ ಬಿದ್ದರೆ ಮೆಟ್ಟಿಲೇ ಹೊಗೆಗೂಡು, ಹೊಗೆ ಮೇಲಕ್ಕೆ, ಮಕ್ಕಳು ಕೆಳಕ್ಕೆ, ಇಬ್ಬರಿಗೂ ದಾರಿ ಒಂದೇ. ಬೆಂಚು ಎಸೆಯಬಾರದೇ ಅಂದಿರಾ? ಅದು ಶಾಲೆಯ ಸಾಮಾನುಗಳ ಲೆಕ್ಕದ ಪುಸ್ತಕದಲ್ಲಿ, ಅಂದರೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿದೆ. ವಿಲೇವಾರಿಗೆ ಮೇಲಿನಿಂದ ಅನುಮತಿ ಬರಬೇಕು. ಸುಟ್ಟುಹೋದರೆ ಮಾತ್ರ ಅನುಮತಿ ಬೇಡ.

ಆಫೀಸ್ ರೂಮಿನ ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಆಯುಧಪೂಜೆಗೆ ಹಚ್ಚಿದ ಕುಂಕುಮ ಇನ್ನೂ ಇದೆ, ಪಿನ್ನಿಗೆ ಹೂವಿನ ದಾರ ಸುತ್ತಿಕೊಂಡಿದೆ. ಗೇಜಿನ ಮುಳ್ಳು ಹಸಿರಿನಲ್ಲಿದೆಯೋ ಕೆಂಪಿಗೆ ಇಳಿದಿದೆಯೋ ನೋಡಲು ಸ್ಟೂಲು ಹತ್ತಬೇಕು. ಆರು ಕೆಜಿಯ ಪೌಡರು ಹೆಚ್ಚೆಂದರೆ ಇಪ್ಪತ್ತು ಸೆಕೆಂಡು ಬರುತ್ತದೆ. ಎರಡು ಮೂರು ಮೀಟರ್ ದೂರ ನಿಂತು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಗುರಿಯಿಟ್ಟು, ಅತ್ತಿತ್ತ ಬೀಸಬೇಕು. ಕೈ ಅಭ್ಯಾಸ ಇಲ್ಲದವರು ಮೊದಲ ಹತ್ತು ಸೆಕೆಂಡು ಸೂರಿಗೆ ಬಣ್ಣ ಬಳಿಯುತ್ತಾರೆ. ಅಭ್ಯಾಸ ಮಾಡೋಣವೆಂದರೆ ಸೀಲು ಒಡೆಯಬೇಕು, ಒಡೆದರೆ ಆಡಿಟ್‌ನವರು ಕೇಳುತ್ತಾರೆ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ತರಗತಿಯ ಗರಿ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಅದನ್ನು ಮುಂದಿಟ್ಟುಕೊಂಡು 2009ರಲ್ಲಿ ಸುಪ್ರೀಂ ಕೋರ್ಟ್, ಶಾಲೆಗಳಿಗೆ ಅಗ್ನಿಶಾಮಕ ಉಪಕರಣ ಬೇಕು, ಸಿಬ್ಬಂದಿಗೆ ತರಬೇತಿ ಬೇಕು ಎಂದಿತು. ಈಗ ಶಾಲೆಗಳು ಪ್ರತಿವರ್ಷ ಸರ್ಕಾರಕ್ಕೆ ಮಾಹಿತಿ ತುಂಬಿ ಕೊಡುವ ಯುಡೈಸ್ ನಮೂನೆಯಲ್ಲಿ ‘ವಿಪತ್ತು ನಿರ್ವಹಣಾ ಯೋಜನೆ ಇದೆಯೇ?’ ಅಂತ ಒಂದು ಕಾಲಂ. ‘ಹೌದು’ ಒತ್ತಿದರೆ ಇದೆ. ಪಕ್ಕದ ಶಾಲೆಯದನ್ನು ಕಾಪಿ ಹೊಡೆದು ಇಟ್ಟುಕೊಂಡದ್ದರಲ್ಲಿ ಬಳ್ಳಾರಿಯ ಶಾಲೆಗೂ ಸುನಾಮಿ ಬರುತ್ತದೆ. ರಕ್ಷಣಾ ತಂಡದ ನಾಯಕರು ಕಳೆದ ಕೌನ್ಸೆಲಿಂಗಿನಲ್ಲೇ ವರ್ಗಾವಣೆಯಾಗಿ ಹೋದ ಮೇಷ್ಟ್ರು.

ಯೋಜನೆಯಲ್ಲಿ ತಂದೆತಾಯಿಯರ ಸುಳಿವೂ ಇಲ್ಲ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬಿನ ಹುಸಿ ಇಮೇಲ್ ಬಂದಾಗ ಪೋಷಕರು ಶಾಲೆಗಳಿಗೆ ಓಡಿ ಬಂದರು. ಬರದೇ ಇರುತ್ತಾರೆಯೇ? ಯಾವ ಗೇಟಿನಲ್ಲಿ ಮಗುವನ್ನು ಕೊಡಬೇಕು, ಯಾರ ಗುರುತು ನೋಡಿ ಕೊಡಬೇಕು, ಯಾರು ಸಹಿ ಹಾಕಿಸಿಕೊಳ್ಳಬೇಕು ಅನ್ನುವುದನ್ನು ಬೆವರು ಒರೆಸಿಕೊಳ್ಳುತ್ತಾ ಗೇಟಿನಲ್ಲೇ ನಿಂತು ತೀರ್ಮಾನಿಸುವುದಲ್ಲ.

ಕೊನೆಯದು ತಲೆ ಎಣಿಕೆ. ಕೊನೆಗೆ ಹೊರಡುವ ಶಿಕ್ಷಕರು ಶೌಚಾಲಯ ಇಣುಕಿ, ಬಾಗಿಲನ್ನು ಬೀಗ ಹಾಕದೆ ಬರೀ ಮುಚ್ಚಿ, ಹಾಜರಿ ಪುಸ್ತಕ ಹಿಡಿದು ಬರಬೇಕು. ಮೈದಾನದಲ್ಲಿ ಹೆಸರು ಕೂಗಬೇಕು. ತೊಡಕು ಇರುವುದೇ ಇಲ್ಲಿ. ಹುದ್ದೆ ಉಳಿಸಿಕೊಳ್ಳಲು, ಅಕ್ಕಿ-ಮೊಟ್ಟೆಯ ಲೆಕ್ಕ ಸರಿದೂಗಿಸಲು ಪುಸ್ತಕದೊಳಗೆ ಮಾತ್ರ ಓದುವ ಒಂದಿಷ್ಟು ಮಕ್ಕಳು ಇರುತ್ತಾರೆ. ಪುಸ್ತಕದಲ್ಲಿ 212, ಮೈದಾನದಲ್ಲಿ 187 ಅಂದುಕೊಳ್ಳಿ. ನಿಜವಾದ ಬೆಂಕಿಯ ದಿನ ಉಳಿದ 25 ಮಕ್ಕಳನ್ನು ಹುಡುಕಲು ಅಗ್ನಿಶಾಮಕದವರು ಹೊಗೆಯೊಳಗೆ ನುಗ್ಗಲೇಬೇಕು. ಅವರು ಹುಟ್ಟೇ ಇಲ್ಲ ಎಂದು ಹೇಳುವ ಧೈರ್ಯ ಹೆಡ್‌ಮಾಸ್ತರರಿಗೆ ಬರುವಷ್ಟರಲ್ಲಿ ಸೂರು ಕುಸಿದಿರಬಹುದು.

ಶುಕ್ರವಾರ ಆ ತಾಪತ್ರಯವಿಲ್ಲ. ಹನ್ನೊಂದೂವರೆಗೆ ಗ್ರೂಪಿಗೆ ವರದಿ ಬೀಳುತ್ತದೆ: ‘212 ಮಕ್ಕಳನ್ನೂ ಸುರಕ್ಷಿತವಾಗಿ ಹೊರತರಲಾಯಿತು.’ ಜೊತೆಗೆ ಫೋಟೊ, 187 ತಲೆಗಳದ್ದು.