ಒಂದು ಪರ್ಸೆಂಟ್ ಕಮ್ಮಿ

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನೋದು ಹಳೇ ಜೋಕು. ಮದುವೆ ವಿಡಿಯೋ ಎಡಿಟ್ ಮಾಡುವವನಿಗೆ ಅದು ಜೋಕಲ್ಲ, ವರ್ಕ್ ಶೆಡ್ಯೂಲು. ಒಳ್ಳೇ ಮುಹೂರ್ತಗಳೆಲ್ಲ ಏಪ್ರಿಲ್, ಮೇ ತಿಂಗಳಿಗೇ ಬಂದು ಬೀಳುತ್ತವೆ. ವಧೂವರರು ಎಸಿ ಹಾಲಿನಲ್ಲಿ ನಗುತ್ತಾ ನಿಂತಿರುತ್ತಾರೆ. ಆ ನಗುವನ್ನು ರೆಂಡರ್ ಮಾಡಿ, ಅಂದರೆ ಎಡಿಟ್ ಆದದ್ದನ್ನು ಪೂರ್ತಿ ವಿಡಿಯೋ ಮಾಡಿ, ಪೆನ್‌ಡ್ರೈವಿಗೆ ಇಳಿಸುವ ನನ್ನ ಕಂಪ್ಯೂಟರಿನ ಪ್ರೊಸೆಸರ್ ಮಾತ್ರ 90 ಡಿಗ್ರಿಯಲ್ಲಿ ಬೇಯುತ್ತಿರುತ್ತದೆ.

ಪ್ರೊಸೆಸರ್ ಯಾವ ಕಂಪನಿಯದು ಅಂತ ಕೇಳಬೇಡಿ. ಎಂಟು ಕೋರ್, ಅಂದರೆ ಒಂದೇ ಚಿಪ್ಪಿನಲ್ಲಿ ಎಂಟು ಕೆಲಸಗಾರರು. ಡಬ್ಬಿಯ ಮೇಲೆ 4.7 ಗಿಗಾಹರ್ಟ್ಸ್ ಅಂತ ದಪ್ಪಕ್ಕೆ, 3.8 ಅಂತ ಸಣ್ಣಕ್ಕೆ ಬರೆದಿದ್ದರು. ಸಣ್ಣಕ್ಕಿದ್ದದ್ದು ಅದರ ಮೂಲ ವೇಗ. ದಪ್ಪಕ್ಕಿದ್ದದ್ದು ಬೂಸ್ಟ್, ಅಂದರೆ ಹುಮ್ಮಸ್ಸು ಬಂದಾಗ ಓಡುವ ವೇಗ. 105 ವ್ಯಾಟ್ ಅಂತಲೂ ಬರೆದಿತ್ತು. ಆದರೆ ಆ 105 ಅನ್ನೋದು ಚಿಪ್ ತಣ್ಣಗಿಡುವ ಕೂಲರ್ ಆರಿಸುವವರಿಗೆ ಕೊಟ್ಟ ಲೆಕ್ಕ. ಪೂರ್ತಿ ಕೆಲಸ ಕೊಟ್ಟರೆ 142 ವ್ಯಾಟ್ ತನಕ ಎಳೆಯಲು ಅದಕ್ಕೆ ಕಂಪನಿಯೇ ಪರ್ಮಿಷನ್ ಕೊಟ್ಟಿರುತ್ತದೆ. ಅಷ್ಟೂ ಶಾಖ ಹೊರಡುವುದು ಹೆಚ್ಚುಕಮ್ಮಿ 80 ಚದರ ಮಿಲಿಮೀಟರ್ ಇರುವ ಒಂದು ಸಿಲಿಕಾನ್ ಚೂರಿನಿಂದ.

90 ಡಿಗ್ರಿಗೇನೂ ಅದು ಸುಟ್ಟು ಹೋಗಲ್ಲ. ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುವ ಹಾಗೆ ಮಾಡಿದ್ದಾರೆ. ಆದರೆ ಫ್ಯಾನಿಗೆ ಈ ವಿಷಯ ಗೊತ್ತಿಲ್ಲ. ಅದು ಪ್ರಾಣ ಹೋಗೋ ಹಾಗೆ ತಿರುಗುತ್ತದೆ. ಎಷ್ಟು ತಿರುಗಿದರೂ ರೂಮಿನ ಗಾಳಿಗಿಂತ ತಣ್ಣಗೆ ಏನನ್ನೂ ಮಾಡಲು ಅದರ ಕೈಲಾಗಲ್ಲ. ನಮ್ಮ ರೂಮಿನ ಗಾಳಿಯೋ, ಮಧ್ಯಾಹ್ನ ಮೂರಕ್ಕೆ 38. ಚಿಪ್ಪಿನಿಂದ ಬಂದ ಶಾಖ ಮತ್ತೆ ಅದೇ ಗಾಳಿಗೆ ಸೇರುತ್ತದೆ. ಬಾಗಿಲು ಹಾಕಿಕೊಂಡು ಕೂತರೆ ನಾನೂ ರೆಂಡರ್ ಆಗುತ್ತೇನೆ.

ಇದನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಫ್ಯಾನಿನ ಚಾಡಿ.

ರೆಂಡರ್ ಓಡುವಾಗ ಫ್ಯಾನಿನದು ಒಂದೇ ಸಮ ಶ್ರುತಿ. ಆದರೆ ಬ್ರೌಸರ್‌ನಲ್ಲಿ ಒಂದು ಟ್ಯಾಬ್ ತೆರೆದರೆ ಸಾಕು, ಒಂದು ಕೋರ್ ದಿಢೀರನೆ 4.7ಕ್ಕೆ ಹಾರುತ್ತದೆ. ಅಷ್ಟು ವೇಗಕ್ಕೆ 1.45 ವೋಲ್ಟ್ ಆಸುಪಾಸು ಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ 45 ಡಿಗ್ರಿ ಇದ್ದದ್ದು 68 ಆಗುತ್ತದೆ. ಫ್ಯಾನ್ ಗಾಬರಿ ಬಿದ್ದು "ವ್ಹೂಂ" ಅಂತ ಏಳುತ್ತದೆ. ಅದು ಏಳುವಷ್ಟರಲ್ಲಿ ಪೇಜು ತೆರೆದು ಮುಗಿದಿರುತ್ತದೆ, ಕೋರ್ ತಣ್ಣಗಾಗಿರುತ್ತದೆ. ಫ್ಯಾನ್ ನಾಚಿಕೊಂಡು ಇಳಿಯುತ್ತದೆ. ಇನ್ನೊಂದು ಟ್ಯಾಬ್, ಇನ್ನೊಂದು ವ್ಹೂಂ. ಹಂಪ್‌ನಿಂದ ಹಂಪ್‌ಗೆ ಎಕ್ಸಲೇಟರ್ ತಿರುವುವ ಆಟೋದವನದೂ ಇದೇ ಕಸುಬು. ಬೇಗ ತಲುಪುವುದೇನೂ ಇಲ್ಲ, ಬೀದಿಗೆಲ್ಲ ಗೊತ್ತಾಗುತ್ತದೆ ಅಷ್ಟೇ.

ನಮ್ಮ ಮನೆಯಲ್ಲೂ ಗೊತ್ತಾಯಿತು. ಹೆಂಡತಿ ಅಡುಗೆಮನೆಯಿಂದಲೇ ಈ ಶಬ್ದಶಾಸ್ತ್ರವನ್ನು ಕರಗತ ಮಾಡಿಕೊಂಡಳು. ಒಂದೇ ಸಮ ಸದ್ದು ಬಂದರೆ ದುಡ್ಡು ಬರುವ ಕೆಲಸ. ಏರಿ ಇಳಿದರೆ ಬೇರೆ ಕೆಲಸ.

"ರೀ, ಆ ಮದುವೆ ಮನೆಯವರು ಎರಡು ಸಲ ಫೋನ್ ಮಾಡಿದ್ರು. ನೀವು ಮೊಬೈಲ್ ರೇಟು ನೋಡ್ಕೊಂಡು ಕೂತಿದೀರಾ?"

ನಾನು ನೋಡುತ್ತಿದ್ದದ್ದು ಮೊಬೈಲ್ ರೇಟೇ.

ಪರಿಹಾರಕ್ಕೆ ಅಂತ ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದೆ. ಅವನ ಬಳಿ ಎಲ್ಲ ರೋಗಕ್ಕೂ ಒಂದೇ ಮದ್ದು: ಇನ್ನೂ ದೊಡ್ಡ ಕೂಲರ್. "360 ಎಂಎಂ ಲಿಕ್ವಿಡ್ ಹಾಕ್ಸಿ ಸಾರ್, ಮೂರು ಫ್ಯಾನ್ ಬರುತ್ತೆ, ಲೈಟೂ ಬರುತ್ತೆ." ಒಂದು ಫ್ಯಾನಿನ ಚಾಡಿಯೇ ಸಾಕಾಗಿದೆ, ಮೂರು ಯಾರಿಗೆ ಬೇಕು? ಲಿಕ್ವಿಡ್ ಇರಲಿ, ಗ್ಯಾಸ್ ಇರಲಿ, ಕೊನೆಗೆ ಅದೂ ಇದೇ 38 ಡಿಗ್ರಿ ಗಾಳಿಗೇ ಕೈ ಚಾಚಬೇಕು. "ಬೂಸ್ಟ್ ಕಮ್ಮಿ ಮಾಡಿದ್ರೆ?" ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "4.7 ತಗೊಂಡು 3.8 ಓಡಿಸ್ತೀರಾ ಸಾರ್? ಹಂಗಾದ್ರೆ ಅಷ್ಟು ದುಡ್ಡು ಯಾಕೆ ಕೊಟ್ರಿ?" ಅಂದ. ಆ ದುಡ್ಡು ಇಸ್ಕೊಂಡವನು ಅವನೇ.

ವಿಂಡೋಸ್‌ನಲ್ಲಿ ಇದಕ್ಕೊಂದು ಹಳೇ ಉಪಾಯ ಇದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದರೆ "ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್" ಅಂತ ಸಿಗುತ್ತದೆ. ಅಲ್ಲಿ 100 ಇರುತ್ತದೆ. ಅದನ್ನು 99 ಮಾಡಬೇಕು. ಅಷ್ಟೇ. ಕಳೆದದ್ದು ಒಂದೇ ಪರ್ಸೆಂಟ್, ಆದರೆ ಬೂಸ್ಟ್ ಪೂರ್ತಿ ಬಂದ್. 4.7 ಇದ್ದದ್ದು ಸೀದಾ 3.8. ನಾನು ಕಲಿತ ಗಣಿತದಲ್ಲಿ 100ರಲ್ಲಿ 1 ಕಳೆದರೆ 81 ಬರಲ್ಲ, ವಿಂಡೋಸ್ ಕಲಿತದ್ದು ಬೇರೆ ಶಾಲೆ ಇರಬೇಕು.

ಫ್ಯಾನ್ ಬಾಯಿ ಮುಚ್ಚಿತು.

ಲೆಕ್ಕ ಹಾಕಿದರೆ ಇದರಲ್ಲಿ ಮಾಯ ಏನೂ ಇಲ್ಲ. ಚಿಪ್ ತಿನ್ನುವ ವ್ಯಾಟ್ ವೇಗದ ಜೊತೆ ಅದೇ ಪ್ರಮಾಣದಲ್ಲಿ ಏರುತ್ತದೆ, ಆದರೆ ವೋಲ್ಟೇಜಿನ ಜೊತೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ವೇಗ ಹೆಚ್ಚಾದಷ್ಟೂ ಟ್ರಾನ್ಸಿಸ್ಟರ್‌ಗಳನ್ನು ತಳ್ಳಲು ಜಾಸ್ತಿ ವೋಲ್ಟೇಜ್ ಬೇಕು. ಅದರಲ್ಲೂ ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗೆ ಬೇಕಾಗುವುದು ವಿಪರೀತ. 4.7ರಲ್ಲಿ 1.45 ವೋಲ್ಟ್ ಇದ್ದದ್ದು 3.8ಕ್ಕೆ ಬಂದಾಗ ನನ್ನ ಚಿಪ್ಪಿನಲ್ಲಿ 1.1ಕ್ಕೆ ಇಳಿಯಿತು. ವೇಗ ಐದರಲ್ಲಿ ಒಂದು ಪಾಲು ಹೋಯಿತು. ಆ ಕೋರ್‌ನ ಶಾಖ, ಲೆಕ್ಕದ ಪ್ರಕಾರ, ಅರ್ಧಕ್ಕಿಂತ ಜಾಸ್ತಿ ಹೋಯಿತು. ಇಷ್ಟು ಚೌಕಾಸಿ ನಮ್ಮ ಸಂತೆಯಲ್ಲೂ ಆಗಲ್ಲ.

ಹಾಗಾದರೆ ಕಂಪನಿಗಳೇ ಯಾಕೆ ಹೀಗೆ ಮಾಡಿ ಕೊಡಲ್ಲ? ಡಬ್ಬಿಯ ಮೇಲೆ ದಪ್ಪಕ್ಕೆ ಬರೆಯಬೇಕಲ್ಲ! ಆ ಚಟ ಇವತ್ತಿನದಲ್ಲ. 2004ರ ಅಕ್ಟೋಬರ್‌ನಲ್ಲಿ ಇಂಟೆಲ್ ತನ್ನ 4 ಗಿಗಾಹರ್ಟ್ಸ್ ಪೆಂಟಿಯಂ 4 ಅನ್ನು ಕೈಬಿಟ್ಟಾಗ, ಆಗಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಭೆಯಲ್ಲಿ ತಮಾಷೆಗೆ ಮಂಡಿಯೂರಿ ಕ್ಷಮೆ ಕೇಳಿದ್ದರು. ಚಿಪ್ ಬಿಸಿಯಾಗುತ್ತದೆ ಅಂತ ಅಲ್ಲ, 4 ಮುಟ್ಟಲಿಲ್ಲ ಅಂತ. ಆಮೇಲೆ 4 ದಾಟಿತು, 5 ದಾಟಿತು, 6ನ್ನೂ ಮುಟ್ಟಿತು. 2024ರಲ್ಲಿ ಅದೇ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜಿನಿಂದ ಹಾಳಾಗುತ್ತಿವೆ ಅಂತ ಬೆಳಕಿಗೆ ಬಂತು. ಆಗಸ್ಟ್‌ನಲ್ಲಿ 1.55 ವೋಲ್ಟ್ ದಾಟದ ಹಾಗೆ ಮೈಕ್ರೋಕೋಡ್, ಅಂದರೆ ಚಿಪ್ಪಿನೊಳಗಿನ ಸಾಫ್ಟ್‌ವೇರ್, ಬಿಟ್ಟರು, ವಾರಂಟಿಯನ್ನು ಎರಡು ವರ್ಷ ಎಳೆದರು. ಈ ಸುದ್ದಿ ಓದಿದ ದಿನ ನಾನು ಮನೆಯಲ್ಲಿ ಸ್ವಲ್ಪ ಎದೆ ಉಬ್ಬಿಸಿ ಓಡಾಡಿದೆ. ಯಾರೂ ಗಮನಿಸಲಿಲ್ಲ.

ಗಮನಿಸಿದವರು ಅಪ್ಪ ಒಬ್ಬರೇ. ಅವರು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿ ಸೇರಿ, ಅಲ್ಲೇ ರಿಟೈರ್ ಆದವರು. "ವೋಲ್ಟೇಜ್ ಇಳಿಸಿದೆ" ಅಂತ ನಾನು ಫೋನಿನಲ್ಲಿ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. ಸೀದಾ ರೂಮಿಗೆ ಬಂದರು.

"ಎಷ್ಟು ಆಂಪ್ ಎಳಿತೈತಿ ಇದು?"

"ಸುಮಾರು 95 ಆಂಪ್ ತನಕ. ಒಂದೊಂದು ಕ್ಷಣ 140."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ಮನೆಯ ಮೇನ್ ಇರೋದೇ 32 ಆಂಪ್. "ಮಗನೇ, 95 ಆಂಪ್ ಅಂದ್ರೆ ಓಣಿಗೆ ಓಣಿನೇ ನಡಿತೈತಿ" ಅಂದು ಗೋಡೆಯ ಪ್ಲಗ್ ಮುಟ್ಟಿ ನೋಡಿದರು. ತಣ್ಣಗಿತ್ತು. ಅನುಮಾನ ಇನ್ನೂ ಜಾಸ್ತಿ ಆಯಿತು.

ಗೋಡೆಯಿಂದ ಬರುವುದು 230 ವೋಲ್ಟ್, ಒಂದು ಆಂಪೂ ಇಲ್ಲ. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನೊಳಗಿನ ಪವರ್ ಸಪ್ಲೈ ಡಬ್ಬಿ, ಅದನ್ನು 12 ವೋಲ್ಟ್ ಮಾಡುತ್ತದೆ, ಮದರ್‌ಬೋರ್ಡ್ ಮತ್ತೆ ಸುಮಾರು 1.2ಕ್ಕೆ ಇಳಿಸುತ್ತದೆ. ವೋಲ್ಟೇಜ್ ಇಳಿದಷ್ಟೂ ಆಂಪ್ ಏರುತ್ತದೆ. ಇಷ್ಟು ಹೇಳುವಷ್ಟರಲ್ಲಿ ಅಪ್ಪನ ಮುಖ ಅರಳಿತು. "ಅಂದ್ರ ಬೋರ್ಡ್ ಮ್ಯಾಲೇ ಸ್ಟೆಪ್ ಡೌನ್ ಕೂರ್ಸ್ಯಾರ!" ಅಂದರು. ಮರುಕ್ಷಣವೇ ನನ್ನ ಸ್ನೇಹಿತರು ಯಾರೂ ಕೇಳದ ಪ್ರಶ್ನೆ ಕೇಳಿದರು. "ಮತ್ತೆ ನೀನು ಇನ್ನೂ ಇಳಿಸಿದ್ರೆ ಆಂಪ್ ಇನ್ನೂ ಏರ್ಬೇಕಲ್ಲ? ಲೋ ವೋಲ್ಟೇಜಿಗೆ ಪಂಪ್‌ಸೆಟ್ ಮೋಟಾರ್ ಸುಡೋದು ಹಂಗೇ."

ಪಾಯಿಂಟೇ. ಮೋಟಾರಿಗೆ ನೀರು ಎತ್ತಲೇಬೇಕು ಅನ್ನೋ ಹಟ. ವೋಲ್ಟೇಜ್ ಕಮ್ಮಿಯಾದರೆ ಜಾಸ್ತಿ ಆಂಪ್ ಎಳೆದಾದರೂ ಎತ್ತಲು ಹೋಗುತ್ತದೆ, ಸುಟ್ಟುಕೊಳ್ಳುತ್ತದೆ. ಚಿಪ್ಪಿಗೆ ಆ ಹಟ ಇಲ್ಲ. ಅದರೊಳಗೆ ಕೋಟಿಗಟ್ಟಲೆ ಪುಟ್ಟ ಕೆಪಾಸಿಟರ್‌ಗಳು ತುಂಬಿ ಖಾಲಿಯಾಗುತ್ತಾ ಇರುತ್ತವೆ ಅಂತ ಇಟ್ಟುಕೊಳ್ಳಿ. ಕಮ್ಮಿ ವೋಲ್ಟೇಜಿಗೆ ತುಂಬಿಸಿದರೆ ಅದಕ್ಕೆ ಹೋಗುವ ಕರೆಂಟೂ ಕಮ್ಮಿಯೇ. ಅಪ್ಪ ಇದನ್ನು ಒಪ್ಪಿಕೊಂಡರು. ಆದರೂ ಸರ್ವಿಸ್ ಪೂರ್ತಿ ಲೋ ವೋಲ್ಟೇಜ್ ಕಂಪ್ಲೇಂಟ್ ಕೇಳಿದ ಜೀವ. "ಯಾರೂ ಕಂಪ್ಲೇಂಟ್ ಮಾಡಲ್ಲ ಅಲ್ವಾ?" ಅಂತ ಖಾತ್ರಿ ಮಾಡಿಕೊಂಡೇ ಹೋದರು.

ಕಂಪ್ಲೇಂಟ್ ನನ್ನಿಂದಲೇ ಬಂತು. 99ರ ಉಪಾಯ ಟ್ಯಾಬ್ ತೆರೆಯುವವರಿಗೆ ಸರಿ, ರೆಂಡರ್‌ಗೆ ತೀರಾ ಒರಟು. ಹಾಗಾಗಿ ಅದನ್ನು ಬಿಟ್ಟು, ವಿಂಡೋಸ್‌ಗೂ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪೇಜು ಬಯೋಸ್‌ಗೆ ಹೋಗಿ, ಕಮ್ಮಿ ವ್ಯಾಟ್‌ನಲ್ಲಿ ಓಡಿಸುವ ಇಕೋ ಮೋಡ್ ಹಾಕಿದೆ. 142 ವ್ಯಾಟ್‌ನ ಮಿತಿ 88ಕ್ಕೆ ಇಳಿಯಿತು. ಎಂಟೂ ಕೋರ್ ಓಡುವಾಗ ವೇಗ 4ರ ಆಸುಪಾಸಿನಲ್ಲಿ ನಿಂತಿತು, ಬಿಸಿ 75 ದಾಟಲಿಲ್ಲ. ಒಂದು ಗಂಟೆಯ ರೆಂಡರ್‌ಗೆ ಐದಾರು ನಿಮಿಷ ಜಾಸ್ತಿ. ಆಲ್ಬಂ ಬಂದಿಲ್ಲ ಅಂತ ಆರು ತಿಂಗಳು ಕಾಯುವ ಬೀಗರಿಗೆ ಐದು ನಿಮಿಷ ಯಾವ ಲೆಕ್ಕ? ಟ್ಯಾಬ್ ತೆರೆದಾಗಿನ ಜಿಗಿತಕ್ಕೆ ಫ್ಯಾನ್ ತಕ್ಷಣ ಏಳದ ಹಾಗೆ ಅಲ್ಲೇ ಕೆಲವು ಸೆಕೆಂಡ್ ತಡವನ್ನೂ ಇಟ್ಟೆ.

ಹೆಂಡತಿಗೆ ಮಾತ್ರ ಇದು ಸರಿಬರಲಿಲ್ಲ. "ಸದ್ದೇ ಇಲ್ಲ, ಮಲಗಿದೀರಾ?" ಅಂತ ಬಂದು ನೋಡತೊಡಗಿದಳು. ಮೊದಲು ಶಬ್ದದಿಂದ ಆಗುತ್ತಿದ್ದ ಉಸ್ತುವಾರಿ ಈಗ ಖುದ್ದು ತಪಾಸಣೆ ಆಯಿತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಫ್ಯಾನ್ ಮತ್ತೆ ಹಳೇ ರಾಗ ಎಳೆಯಿತು. ಬ್ರೌಸರ್ ಯಾವ ಪೇಜೂ ತೆರೆಯಲ್ಲ, ನಿಮ್ಮ ಗಡಿಯಾರ ಹಿಂದಿದೆ ಅನ್ನುತ್ತಿದೆ. ನೋಡಿದರೆ ಕಂಪ್ಯೂಟರ್ ಇನ್ನೂ 2020ರಲ್ಲೇ ಇದೆ. ಬಯೋಸ್‌ನ ಸೆಟ್ಟಿಂಗ್ ಎಲ್ಲ ಹೋಗಿ, 142 ವ್ಯಾಟ್ ವಾಪಸ್ ಬಂದಿದೆ. ಸರಿಮಾಡಿದೆ. ಮರುದಿನ ಬೆಳಿಗ್ಗೆ ಮತ್ತೆ 2020.

ಮದರ್‌ಬೋರ್ಡ್ ಮೇಲೆ ಸಿಆರ್ 2032 ಅನ್ನೋ ಬಿಲ್ಲೆ ಸೆಲ್ ಇರುತ್ತದೆ. ಗೋಡೆಯ ಸ್ವಿಚ್ ಆನ್ ಇರುವ ತನಕ ಅದಕ್ಕೆ ಹೆಚ್ಚು ಕೆಲಸ ಇಲ್ಲ. ಸ್ವಿಚ್ ಆಫ್ ಆದರೆ ಗಡಿಯಾರ ಓಡಿಸೋ, ಬಯೋಸ್ ಸೆಟ್ಟಿಂಗ್ ಕಾಯೋ ಭಾರ ಅದರ ತಲೆಗೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಕೊಂಡ ದಿನದಿಂದ ಪ್ರತಿ ರಾತ್ರಿ ಆ ಸ್ವಿಚ್ ಆಫ್ ಆಗುತ್ತಿತ್ತು. ಅಪ್ಪ ಮಲಗುವ ಮುಂಚೆ ಎಲ್ಲ ಪ್ಲಗ್ ತಪಾಸಣೆ ಮಾಡಿ, ಫ್ರಿಜ್ಜಿನದು ಒಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಆಫ್ ಮಾಡಿಯೇ ಮಲಗುವವರು. ವಾಚ್ ರಿಪೇರಿ ಅಂಗಡಿಯಿಂದ ಐವತ್ತು ರೂಪಾಯಿಯ ಸೆಲ್ ತಂದು ಹಾಕಿದೆ. ಸ್ವಿಚ್ ಆನ್ ಇರಲಿ ಅಂತ ಅಪ್ಪನಿಗೆ ಹೇಳಿದೆ.

"ಗೃಹಜ್ಯೋತಿ ಬಂದ್ ಮ್ಯಾಲೆ 200 ದಾಟಂಗಿಲ್ಲ" ಅಂದರು. ಅದೂ ನಿಜ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು. ಮದುವೆ ಸೀಸನ್ನಿನಲ್ಲಿ ನಾವು ಆ ಗೆರೆಯ ಮೇಲೇ ಓಡಾಡುತ್ತಿರುತ್ತೇವೆ. ದಿನಕ್ಕೆ ಹತ್ತು ಗಂಟೆ ರೆಂಡರ್ ಓಡಿದರೆ ಇಕೋ ಮೋಡಿನಿಂದ ಅರ್ಧ ಯೂನಿಟ್ ಉಳಿಯುತ್ತದೆ, ತಿಂಗಳಿಗೆ ಹದಿನೈದು ಅಂತ ಲೆಕ್ಕ ತೋರಿಸಿದೆ. ಸ್ವಿಚ್ಚಿಗೆ ವಿನಾಯಿತಿ ಸಿಕ್ಕಿತು. ಈಗ ಫ್ರಿಜ್ಜು ಮತ್ತು ನಾನು ಒಂದೇ ದರ್ಜೆ.

ರಜೆಗೆ ಅಕ್ಕನ ಮಗ ಬಂದ. ಬಂದವನೇ ನನ್ನ ಸೆಟ್ಟಿಂಗ್ ನೋಡಿ, "ಮಾಮ, ಅಜ್ಜಿ ಥರ ಓಡಿಸ್ತಿದ್ದೀಯಲ್ಲ" ಅಂತ ಬೂಸ್ಟ್ ಪೂರ್ತಿ ಬಿಟ್ಟ. ಗೇಮ್ ಆಡಿದ. ಇಕೋ ಮೋಡ್ ಹಾಕಿ ಮತ್ತೆ ಆಡಿದ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ, ಎರಡಕ್ಕೂ ಹೆಚ್ಚುಕಮ್ಮಿ ಅಷ್ಟೇ, ಯಾಕಂದರೆ ಆ ಗೇಮಿನಲ್ಲಿ ಬೆವರು ಸುರಿಸುತ್ತಿದ್ದದ್ದು ಗ್ರಾಫಿಕ್ಸ್ ಕಾರ್ಡು. ಮುಖ ಸಣ್ಣ ಮಾಡಿಕೊಂಡು ಹುಡುಗ ಸ್ಕ್ರೀನಿನ ಮೂಲೆಯಲ್ಲಿದ್ದ ಅಂಕಿ ಓದಿದ.

"ಮಾಮ, ನಿನ್ನ ಪ್ರೊಸೆಸರ್ ಬಿಡು. ಈ ಕಾರ್ಡ್ ಒಂದೇ 220 ವ್ಯಾಟ್ ತಿಂತಿದೆ."

ಹಾಲ್‌ನಲ್ಲಿ ಟಿವಿ ಸದ್ದು ಕಮ್ಮಿ ಆಯಿತು.

"ಎಷ್ಟು ಅಂದ?" ಅಂತ ಅಪ್ಪನ ದನಿ ಬಂತು.