ಪಿಯುಸಿ ಆಯ್ತು, ನಾಲ್ಕು ವರ್ಷದ ಆನರ್ಸ್ ಸೇರಬೇಕಾ?

ಕರ್ನಾಟಕದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಶುರುವಾದದ್ದು 2021-22ರಲ್ಲಿ. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂತು. ಮಂಗಳೂರು ವಿಶ್ವವಿದ್ಯಾನಿಲಯಕ್ಕೂ ಅದೇ ನಿಯಮ. ಆದರೆ ಮಣಿಪಾಲದ ಮಾಹೆಯಂಥ (ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್) ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮ ಕೋರ್ಸುಗಳನ್ನು ತಾವೇ ನಿರ್ಧರಿಸುತ್ತವೆ, ಹಾಗಾಗಿ ಆನರ್ಸ್ ನಮ್ಮ ಉಡುಪಿ-ಮಂಗಳೂರು ಕಡೆಯಿಂದ ಹೋಗಿಲ್ಲ. 2021ರ ಮೊದಲ ಬ್ಯಾಚಿನ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ನಾಲ್ಕನೇ ವರ್ಷ ಓದಿದವರು. ಇನ್ನೊಬ್ಬರು ಮೂರಕ್ಕೇ ಮುಗಿಸಿದವರು.

ಪರ: ಆ ಒಂದು ವರ್ಷ ಬೇಕು

ಉಡುಪಿ ಪಕ್ಕದ ಉದ್ಯಾವರದಲ್ಲಿ ಹೊಳೆ ಬದಿಯ ನಮ್ಮ ಮನೆ ಬಾವಿಯ ನೀರು ಮಾರ್ಚ್ ಹೊತ್ತಿಗೆ ಉಪ್ಪಾಗುತ್ತದೆ. ಅಮ್ಮ ಒಂದು ಗುಟುಕು ಕುಡಿದು ನೋಡಿ, ಇನ್ನು ಅಡುಗೆಗೆ ನಳ್ಳಿ ನೀರೇ ಎನ್ನುತ್ತಿದ್ದರು. ನಾನು ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಕೆಮಿಸ್ಟ್ರಿ ಓದಿದೆ. ಈ ಉಪ್ಪನ್ನು ಅಳೆಯಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಾಲ್ಕನೇ ವರ್ಷ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದಾಗ ನಮ್ಮ ಸರ್ ಕೇಳಿದರು, "ನಿಮ್ಮ ಮನೆ ಬಾವಿ ಉಂಟಲ್ಲ, ಅದನ್ನೇ ಯಾಕೆ ನೋಡಬಾರದು?"

ಹನ್ನೊಂದು ಬಾವಿ ಆರಿಸಿಕೊಂಡೆ. ಡಿಸೆಂಬರಿನಿಂದ ಮೇ ತನಕ ಪ್ರತಿ ತಿಂಗಳು ನೀರು ತಂದು ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಮಾಡಿದೆ. ಮೊದಲ ತಿಂಗಳ ಲೆಕ್ಕ ಪೂರ್ತಿ ಹಾಳಾಯಿತು. ಕೆಲವು ಬಾವಿಗಳಿಂದ ಭರತದ ಹೊತ್ತಿನಲ್ಲಿ, ಕೆಲವುಗಳಿಂದ ಇಳಿತದ ಹೊತ್ತಿನಲ್ಲಿ ನೀರು ತೆಗೆದಿದ್ದೆ. ಸಮಯ ಬರೆದಿಟ್ಟಿರಲಿಲ್ಲ. ಸರ್ ಬೈಯಲಿಲ್ಲ. ಮತ್ತೆ ತನ್ನಿ ಎಂದರು, ಅಷ್ಟೇ.

ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗೆ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಬೇರೆ ಮೂಲವೇ ಇಲ್ಲದಿದ್ದರೆ 1000ದವರೆಗೆ ಒಪ್ಪುತ್ತದೆ. ಹೊಳೆಯಲ್ಲಿ ಕಡಲಿನ ಉಪ್ಪು ನೀರು ಮೇಲೆ ಏರದಂತೆ ಹಲಗೆ ಹಾಕಿದ ಕಿಂಡಿ ಅಣೆಕಟ್ಟಿನ ಮೇಲ್ಭಾಗದ ಬಾವಿಗಳು ಏಪ್ರಿಲ್‌ನಲ್ಲೂ 250 ದಾಟಲಿಲ್ಲ. ಕೆಳಗಿನವು ದಾಟಿದವು. ಇದು ದೊಡ್ಡ ಸಂಶೋಧನೆ ಅಲ್ಲ, ನನಗೆ ಗೊತ್ತು. ಆದರೆ ಮೂರು ವರ್ಷದ ಪ್ರಾಕ್ಟಿಕಲ್‌ಗಳಲ್ಲಿ ಉತ್ತರ ಏನೆಂದು ಲ್ಯಾಬಿನಲ್ಲಿ ಯಾರಿಗಾದರೂ ಮೊದಲೇ ಗೊತ್ತಿರುತ್ತಿತ್ತು. ಇಲ್ಲಿ ಸರ್‌ಗೂ ಗೊತ್ತಿರಲಿಲ್ಲ. ಆ ಖುಷಿಯನ್ನು ನಾನು ಮರೆಯುವುದಿಲ್ಲ.

ಲೆಕ್ಕಾಚಾರಕ್ಕೂ ಬರೋಣ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪ್ರಕಾರ ಮೂರು ವರ್ಷಕ್ಕೆ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ತೆಗೆದವರು ಸಂಶೋಧನೆಯ ಆನರ್ಸ್ ಆರಿಸಿಕೊಳ್ಳಬಹುದು, ಅದರಲ್ಲಿ ಪ್ರಾಜೆಕ್ಟಿಗೇ 12 ಕ್ರೆಡಿಟ್. ನಾಲ್ಕು ವರ್ಷ ಮುಗಿಸಿದವರಿಗೆ ಸ್ನಾತಕೋತ್ತರ ಒಂದೇ ವರ್ಷ ಸಾಕು. 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದರೆ ನೇರ ಪಿಎಚ್‌.ಡಿ.ಗೆ ಅರ್ಜಿ ಹಾಕಬಹುದು. 2024ರಿಂದ ನೆಟ್ (ಸಂಶೋಧನೆ, ಅಧ್ಯಾಪನದ ಅರ್ಹತೆಗೆ ನಡೆಸುವ ರಾಷ್ಟ್ರೀಯ ಪರೀಕ್ಷೆ) ಕೂಡ ಬರೆಯಬಹುದು. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಕಿರಿಯ ಫೆಲೋಶಿಪ್, ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ನಮ್ಮಂಥ ಮನೆಯ ಹುಡುಗನಿಗೆ ಅದು ಸಣ್ಣ ಮೊತ್ತವಲ್ಲ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಎಂ.ಎಸ್.ಗೆ ಹದಿನಾರು ವರ್ಷದ ಓದು ಕೇಳುತ್ತವೆ. ಹನ್ನೆರಡು ಮತ್ತು ನಾಲ್ಕು ಸೇರಿದರೆ ಹದಿನಾರು.

ಸೇರುವ ಮೊದಲು ಕಟ್ಟಡ ನೋಡಬೇಡಿ, ಕ್ಯಾಂಟೀನ್ ನೋಡಬೇಡಿ. ನಾಲ್ಕನೇ ವರ್ಷದಲ್ಲಿ ಈಗ ಯಾರು ಓದುತ್ತಿದ್ದಾರೆ ಎಂದು ಕೇಳಿ, ಅವರ ಜೊತೆ ಅರ್ಧ ಗಂಟೆ ಮಾತಾಡಿ. ಕಾಯಂ ಅಧ್ಯಾಪಕರಲ್ಲಿ ಪಿಎಚ್‌.ಡಿ. ಗೈಡ್ ಆಗಿರುವವರು ಎಷ್ಟು ಜನ, ಹಿಂದಿನವರು ಯಾವ ಪ್ರಾಜೆಕ್ಟ್ ಮಾಡಿದರು ಎಂದೂ ಕೇಳಿ. ಇದಕ್ಕೆ ಸರಿಯಾದ ಉತ್ತರ ಸಿಗುವ ಕಡೆ, ನಿಮಗೆ ವಿಷಯದ ಮೇಲೆ ನಿಜವಾದ ಆಸೆ ಇದ್ದರೆ, ಹಿಂದೆಮುಂದೆ ನೋಡದೆ ಸೇರಿ.

ವಿರೋಧ: ಎಲ್ಲರಿಗೂ ಅದು ಬೇಡ

ಬಾವಿ ನೀರಿನ ಕೆಲಸದ ಬಗ್ಗೆ ಓದಿ ನನಗೂ ಖುಷಿಯಾಯಿತು. ಅಂಥ ಸರ್ ಸಿಕ್ಕಿದ್ದು ಅವರ ಪುಣ್ಯ. ನಾನು ಓದಿದ ಕಾಲೇಜಿನಲ್ಲಿ ನಾಲ್ಕನೇ ವರ್ಷದ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ, "ಸಾಕಷ್ಟು ಮಂದಿ ಸೇರಿದರೆ ನಡೆಸುತ್ತೇವೆ." ಯಾರು ಪಾಠ ಮಾಡುತ್ತಾರೆ ಎಂದರೆ ಅದಕ್ಕೂ ನೋಡೋಣ ಎಂದರು. 2021ರಲ್ಲಿ ಸೇರಿಸುವಾಗ ಆನರ್ಸ್ ಎಂದು ಹೇಳಿಯೇ ಸೇರಿಸಿಕೊಂಡಿದ್ದರು. ನಾನು ಆರನೇ ಸೆಮಿಸ್ಟರ್‌ನಲ್ಲಿ ಇರುವಾಗ ಆ ಪದ್ಧತಿಯನ್ನೇ ಕೈಬಿಟ್ಟ ಆದೇಶ ಬಂತು. ನಮ್ಮ ಬ್ಯಾಚಿಗೆ ಬೇಕಾದರೆ ಓದಬಹುದು ಎಂಬ ಅವಕಾಶ ಮಾತ್ರ ಉಳಿಯಿತು. ಮೂರೇ ವರ್ಷದಲ್ಲಿ ನಿಯಮ ಹೀಗೆ ಬದಲಾದರೆ ಹದಿನೆಂಟು ವರ್ಷದ ಮಕ್ಕಳು ಯಾವ ಧೈರ್ಯದಲ್ಲಿ ಲೆಕ್ಕ ಹಾಕಬೇಕು?

ನಮ್ಮದು ಮಲ್ಪೆ. ಅಪ್ಪ ಬೋಟಿಗೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಸಮಯ, ಮಳೆಗಾಲದ ಕಡಲು ಬೇರೆ. ನಿಷೇಧ ಸರಿಯಾದದ್ದೇ. ಆದರೆ ಕಾಲೇಜಿನ ಫೀಸ್ ಕಟ್ಟುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಮನೆಗೆ ಒಂದು ರೂಪಾಯಿ ಬರದ ಹೊತ್ತಿಗೆ ಫೀಸು, ಪುಸ್ತಕ, ಬಸ್ಸು. ಮೂರು ವರ್ಷವೂ ಅಮ್ಮನ ಬಳೆ ಸೊಸೈಟಿಯಲ್ಲಿ ಅಡ ಇಟ್ಟು, ಸೆಪ್ಟೆಂಬರ್‌ನಲ್ಲಿ ಬಿಡಿಸಿಕೊಳ್ಳುತ್ತಿದ್ದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು ನಿಜ, ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ಓಡುವುದು ಖಾಸಗಿ ಬಸ್ಸುಗಳೇ ಜಾಸ್ತಿ. "ಒಂದೇ ವರ್ಷ ಅಲ್ವಾ" ಎಂದು ಹೇಳುವವರು ಈ ಲೆಕ್ಕ ಹಾಕಿರುವುದಿಲ್ಲ. ಆ ವರ್ಷಕ್ಕೆ ಖರ್ಚೂ ಇದೆ, ಬರಬೇಕಿದ್ದ ಸಂಬಳವೂ ಇಲ್ಲ. ಡೀಮ್ಡ್ ವಿಶ್ವವಿದ್ಯಾಲಯದ ಫೀಸಿನ ಮಾತೇ ಬೇರೆ.

ಆ ವರ್ಷದಿಂದ ಕೆಲಸಕ್ಕೆ ಏನು ಲಾಭ ಎಂದು ನೋಡಿ. ಬ್ಯಾಂಕ್ ಪರೀಕ್ಷೆಗೆ ಯಾವುದಾದರೂ ಪದವಿ ಸಾಕು. ಕೆಎಎಸ್‌ಗೂ ಸಾಕು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಬ್ಯಾಂಕ್ ಹುಟ್ಟಿದ ಕರಾವಳಿ ನಮ್ಮದು. ಇಲ್ಲಿ ಬಿ.ಕಾಂ. ಓದುವ ಅರ್ಧ ಮಂದಿಯ ಕಣ್ಣು ಬ್ಯಾಂಕಿನ ಮೇಲೆಯೇ. ಸಿಎ ಮಾಡುವವರಿಗೆ ಬಿ.ಕಾಂ.ನಲ್ಲಿ ಶೇ. 55 ಇದ್ದರೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. 2023ರ ಹೊಸ ಪದ್ಧತಿಯಲ್ಲಿ, ಸಿಎ ಆಫೀಸಿನಲ್ಲಿ ಕೆಲಸ ಕಲಿಯುವ ಆರ್ಟಿಕಲ್‌ಶಿಪ್ ಎರಡೇ ವರ್ಷ. ನಾಲ್ಕನೇ ವರ್ಷ ಕ್ಲಾಸಿನಲ್ಲಿ ಕೂರುವ ಬದಲು ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಓದಿ ಬರೆಯಬಹುದು. ಹೈಸ್ಕೂಲ್ ಟೀಚರ್ ಆಗಬೇಕೆಂದರೆ ಬಿ.ಎಡ್. ಬೇಕು. ಪಿಯು ಉಪನ್ಯಾಸಕರಾಗಬೇಕೆಂದರೆ ಸ್ನಾತಕೋತ್ತರ ಪದವಿ ಬೇಕು. ಆನರ್ಸ್ ಒಂದನ್ನೇ ಹಿಡಿದುಕೊಂಡು ಹೋದರೆ ಇವೆರಡೂ ಸಿಗುವುದಿಲ್ಲ.

ನಾಲ್ಕಕ್ಕೆ ಒಂದು ಕೂಡಿಸಿದರೆ ಐದು ಎನ್ನುತ್ತಾರೆ. ಮೂರಕ್ಕೆ ಎರಡು ಕೂಡಿಸಿದರೂ ಐದೇ! ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯದಲ್ಲಿ, ನಿಮ್ಮದೇ ವಿಷಯದಲ್ಲಿ, ಒಂದು ವರ್ಷದ ಎಂ.ಎಸ್ಸಿ. ಅಥವಾ ಎಂ.ಕಾಂ. ಇಲ್ಲದಿದ್ದರೆ ಐದು ಹೋಗಿ ಆರು ಆಗುತ್ತದೆ. ಇದನ್ನು ಮೊದಲ ದಿನವೇ ಕೇಳಬೇಕು. ನಾಲ್ಕನೇ ವರ್ಷ ಮುಗಿದ ಮೇಲಲ್ಲ. ಯುರೋಪಿನ ಬಹಳಷ್ಟು ದೇಶಗಳಲ್ಲಿ ಪದವಿಯೇ ಮೂರು ವರ್ಷದ್ದು, ಅಲ್ಲಿಗೆ ಹೋಗುವವರಿಗೂ ನಾಲ್ಕನೇ ವರ್ಷ ಕಡ್ಡಾಯವೆಂದೇನೂ ಇಲ್ಲ.

ಸಂಶೋಧನೆ ಮಾಡಬೇಕು ಎಂದು ಒಳಗಿಂದಲೇ ಅನಿಸುವವರು ಇದ್ದಾರೆ. ಅವರನ್ನು ನಾನು ತಡೆಯುವುದಿಲ್ಲ. ನನ್ನ ಬೇಸರ ಇರುವುದು, ಪಿಯುಸಿ ಮುಗಿಸಿದ ಮಗುವಿಗೆ "ಆನರ್ಸ್ ಅಂದ್ರೆ ದೊಡ್ಡದು" ಎಂದು ಸುಮ್ನೆ ಹೇಳಿ ಸೇರಿಸುವವರ ಬಗ್ಗೆ. ಆ ವಯಸ್ಸಿನಲ್ಲಿ ಯಾವ ವಿಷಯ ಇಷ್ಟ ಎಂದೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ನನಗೂ ಗೊತ್ತಿರಲಿಲ್ಲ.

ನಾನು 2024ರಲ್ಲಿ ಬಿ.ಕಾಂ. ಮುಗಿಸಿ ಉಡುಪಿಯ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದೆ. ಬೆಳಗ್ಗೆ ಬೇಗ ಎದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆ. ಮರುವರ್ಷ ಜೂನ್‌ನಲ್ಲಿ ತಮ್ಮನ ಡಿಪ್ಲೊಮಾ ಫೀಸನ್ನು ನನ್ನ ಸಂಬಳದಲ್ಲೇ ಕಟ್ಟಿದೆ. ಆ ಮಳೆಗಾಲ ಅಮ್ಮನ ಬಳೆ ಕೈಯಲ್ಲೇ ಇತ್ತು.